ಹರಿಗೋಲಿನಲ್ಲಿ ಸಿದ್ದಮಲ್ಲಪ್ಪ

ಪಕ್ಕದ ಮನೆಯ ಮರಿಯಯ್ಯ ಇಲವಾಲದಾಚೆಯ ಹಿನ್ನೀರಿನಲ್ಲಿ ಒಬ್ಬನೇ ಹರಿಗೋಲು ಹಾಕಿಕೊಂಡು ಎರಡು ದಿನ ಸುತ್ತಿ ಬಂದನೆಂದು ಹಿನಕಲ್ಲಿನವರೆಲ್ಲ ಕೊಂಡಾಡಿದಾಗ ದರ್ಜಿ ಸಿದ್ದಮಲ್ಲಪ್ಪನ ಹೊಟ್ಟೆ ಉರಿದುಹೋಯಿತು. ೧೯೯೬ರ ಕಾರ್ತಿಕದ ಚಳಿಗಾಳಿಯಲ್ಲಿ ತಾನೂ ಬುತ್ತಿ, ಕಂಬಳಿ ಕಟ್ಟಿಕೊಂಡು, ಹರಿಗೋಲೊಂದನ್ನು ಎರವಲು ಪಡೆದು ಒಬ್ಬನೇ ನೀರಿಗಿಳಿದ. ಹಿಂಬದಿಗೆ ಕೂತು ಹುಟ್ಟು ಹಾಕಿದರೆ ಅದು ಇದ್ದಲ್ಲೇ ಬುಗುರಿಯಂತೆ ತಿರುಗಿತು.

ದಡಕ್ಕೆ ಮೀನು ಕೊಳ್ಳಲು ಬಂದಿದ್ದ ಮರಿಯಯ್ಯ ಕೂಗಿದ: "ಮುಂದಕ್ಕೆ ಕೂತ್ಕೊಂಡು ನೀರ ನಿಮ್ ಕಡೆಗೆ ಎಳ್ಕಳಿ ಕಣ್ರೀ!"

"ನಂಗೊತ್ತು, ನೀವು ಓಗ್ರೀ! ನಾಲ್ಕೂ ದಿಕ್ಕು ನೋಡ್ತಾ ಇವ್ನಿ!"

ಮರಿಯಯ್ಯನ ಸೈಕಲ್ಲು ಕಣ್ಮರೆಯಾಗುವವರೆಗೂ, ತಲೆ ಸುತ್ತಿದರೂ, ಸಿದ್ದಮಲ್ಲಪ್ಪ ಕೂತ ಜಾಗ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಮುಂದಕ್ಕೆ ಸರಿದು ನೀರನ್ನು ತನ್ನ ಕಡೆಗೆ ಎಳೆದ. ಹರಿಗೋಲು ನೆಟ್ಟಗೆ ಹೊರಟಿತು.

ಮೂರು ದಿನ ಕಳೆದು ಮನೆಗೆ ಮರಳಿದವನು ಹೆಂಡತಿ ನೀಲಮ್ಮನಿಗೆ, "ಎರಡಲ್ಲ ಕಣೇ, ಮೂರು ದಿನ! ಅದೂ ಯಾರೂ ಏಳ್ಕೊಡ್ದೆ!" ಎಂದ.