ಹದಿನಾಲ್ಕು ಹೆಂಗಸರ ಮಂಡಿ ನೋವು

ಹೋದ ತಿಂಗಳು ನಮ್ಮೂರಿನ ಹದಿನಾಲ್ಕು ಹೆಂಗಸರಿಗೆ ಒಂದೇ ಬೆಳಿಗ್ಗೆ ಮಂಡಿ ನೋವು ಬಂತು. ತಂದಿಟ್ಟವಳು ನಾನು.

ಮಾಟ ಮಾಡಿಸಿದೆ ಅಂದುಕೊಳ್ಳಬೇಡಿ. ಮಾಡಿದ್ದೆಲ್ಲ ಬಾಯಿ. ಅದೂ ಸುಳ್ಳಾಡಲಿಲ್ಲ, ನಿಜವನ್ನೇ ಹೇಳಿದೆ. ನಿಜ ಹೇಳಿ ಇಷ್ಟು ಎಡವಟ್ಟು ಮಾಡಿದವರು ಹೊಸೂರು ಪಕ್ಕದ ನಮ್ಮ ತಳಿ ಊರಿನ ಕಡೆ ಬೇರೆ ಯಾರೂ ಇರಲಿಕ್ಕಿಲ್ಲ.

ಹೆಂಗಸರ ಆರೋಗ್ಯದ ಮೇಲೆ ಯಾರೋ ರಿಸರ್ಚ್ ಮಾಡುತ್ತಿದ್ದಾರೆ, ಮನೆಮನೆಗೆ ಬಂದು ಪ್ರಶ್ನೆ ಕೇಳುತ್ತಾರೆ ಅಂತ ಸುದ್ದಿಯಿತ್ತು. ಬಂದವಳು ಸೆಲ್ವಿ ಅನ್ನುವ ಹುಡುಗಿ. ಮದುರೆಯ ಆಚೆಯವಳು. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಐಡಿ ಕಾರ್ಡು, ಬಾಯಲ್ಲಿ ಬರೀ ತಮಿಳು.

ನಮ್ಮೂರಿನ ಗಂಡಸರಿಗೆ ತಮಿಳು ಚೆನ್ನಾಗಿ ಬರುತ್ತದೆ. ಆದರೆ ಗಂಡಸರನ್ನು ಎದುರಿಗೆ ಕೂರಿಸಿಕೊಂಡು ಯಾವ ಹೆಂಗಸು ಬಾಯಿ ಬಿಡುತ್ತಾಳೆ? ಓದಿದ ಹುಡುಗಿಯರು ಬೆಳಿಗ್ಗೆಯೇ ಫ್ಯಾಕ್ಟರಿ ಬಸ್ಸು ಹತ್ತಿ ಹೋಗಿದ್ದರು. "ಹೂವಿನಜ್ಜೀನ ಕರೀರಿ" ಅಂದರು.

ಮೂವತ್ತು ವರ್ಷ ಹೊಸೂರಿನಲ್ಲಿ ಹೂ ಮಾರಿದವಳು ನಾನು. ತಮಿಳು ಬರುತ್ತದೆ. ಹೂವಿನ ತಮಿಳು. ಮೊಳ, ಮಾರು, ನಿನ್ನೆಯದು, ಇವತ್ತಿನದು, ಬಾಡಿದ್ದು, ಬಾಡದ್ದು. ಅಷ್ಟರಲ್ಲಿ ನನ್ನನ್ನು ಯಾರೂ ಯಾಮಾರಿಸಲಾರರು. ಗರ್ಭಕೋಶದ ವ್ಯಾಪಾರ ಮಾತ್ರ ನಾನು ಮಾಡಿದವಳಲ್ಲ.

ಆದರೂ ಜಂಬ. ಪಕ್ಕದ ಮನೆ ರತ್ನಮ್ಮನ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತೆ. (ಸೆಲ್ವಿಗೆ ಚಾಪೆ.)

ಮೊದಲ ಪ್ರಶ್ನೆ ರತ್ನಮ್ಮನಿಗೆ. "ದೂರಂ ಸರಿಯಾ ವರುದಾ, ಪಾಟಿ?" ಪಾಟಿ ಅಂದರೆ ಅಜ್ಜಿ, ಅದು ನಾನು. ದೂರ ಅಂದರೆ ದೂರ. ಇದಕ್ಕೆ ಇಸ್ಕೂಲಿಗೆ ಹೋಗಬೇಕೇ? ಆಸ್ಪತ್ರೆ ದೂರ, ಬಸ್ಸು ಸರಿಯಾಗಿ ಬರುತ್ತದಾ ಅಂತ ಕೇಳುತ್ತಿದ್ದಾಳೆ. ನಮ್ಮೂರಿಗೆ ಬಂದವರೆಲ್ಲ ಕೇಳುವುದು ಇದನ್ನೇ.

"ಸರ್ಯಾಗ್ ಬತ್ತದಾ ಅಂತಾಳೆ ಕಣೆ, ನಮ್ ಬಸ್ಸು" ಅಂದೆ.

ರತ್ನಮ್ಮನಿಗೆ ಬಸ್ಸಿನ ಮೇಲೆ ಹಳೆಯ ಸಿಟ್ಟು. "ಎಲ್ ಬತ್ತದೆ? ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಮಳೆ ಬಂದ್ರಂತೂ ಬರಾದೇ ಇಲ್ಲ. ಒಂದೊಂದ್ ಕಿತ ಎರಡೂ ಒಟ್ಟಿಗೇ ಬತ್ತವೆ!"

ನಾನು ಒಂದು ಅಕ್ಷರ ಬಿಡದೆ ತಮಿಳಿನಲ್ಲಿ ಹೇಳಿದೆ. ಬಸ್ಸು ಅಂತ ಬೇರೆ ಹೇಳಲಿಲ್ಲ, ಕೇಳಿದವಳು ಅವಳೇ ಅಲ್ಲವೇ? ಸೆಲ್ವಿ ಕಣ್ಣರಳಿಸಿದಳು. "ಮಳೈ ವಂದಾ ವರಾದಾ?"

"ವರಾದು" ಅಂದೆ, ತಕ್ಕಡಿ ಕುಕ್ಕಿದ ಹಾಗೆ. ಪಾಪ, ಬರೆದುಕೊಂಡಳು.

(ತಮಿಳಿನಲ್ಲಿ ಹೆಂಗಸು 'ದೂರ' ಆಗುವುದು ಅಂದರೆ ನಮ್ಮಲ್ಲಿ 'ಹೊರಗೆ' ಕೂರುವುದು ಅಂತ ನನಗೆ ಆಮೇಲೆ ಗೊತ್ತಾಯಿತು. ಅವರು ದೂರ ಇಟ್ಟರು, ನಾವು ಹೊರಗೆ ಇಟ್ಟೆವು. ಮಾತು ಬೇರೆ, ಬುದ್ಧಿ ಒಂದೇ.)

ಮುಂದಿನ ಪ್ರಶ್ನೆ, ಏನು ನೋವಿದೆ ಅಂತ. ಹೆಂಗಸರು ಒಬ್ಬೊಬ್ಬರೇ ನನ್ನ ಕಿವಿಯ ಹತ್ತಿರ ಸರಿದರು. "ಮುಟ್ಟು ನೋವು ಅನ್ನಜ್ಜಿ. ಮೆಲ್ಲಗನ್ನು."

ಮೆಲ್ಲಗೆ ಅನ್ನುವುದು ನನಗೆ ಬರುವುದಿಲ್ಲ. ಹೂ ಕೂಗಿದ ಗಂಟಲು. "ಮುಟ್ಟು ನೋವು!" ಅಂದೆ. ಸೆಲ್ವಿ ಅರ್ಥವಾದವಳಂತೆ ತಲೆಯಾಡಿಸಿದಳು. ಹದಿಮೂರು ಸಲ ಕೂಗಿದೆ, ಹದಿಮೂರು ಸಲ ತಲೆಯಾಡಿಸಿದಳು.

ಹದಿನಾಲ್ಕನೆಯವಳು ನಮ್ಮ ಮನೆಯವಳೇ. ನನ್ನ ಮೊಮ್ಮಗ ನಾಗೇಶನ ಹೆಂಡತಿ ಮಂಜುಳ. ಬೇರಿಕೆ ಕಡೆಯ ಹುಡುಗಿ, ಹೊಸೂರಿನಲ್ಲಿ ಫ್ಯಾಕ್ಟರಿ ಕೆಲಸ. ಮದುವೆಯಾಗಿ ಐದು ವರ್ಷ, ಮಗು ಇಲ್ಲ. ಅವತ್ತು ರಜ ಹಾಕಿ, ಹೊಟ್ಟೆ ಹಿಡಿದುಕೊಂಡು ನಮ್ಮ ಮನೆಯಲ್ಲೇ ಮಲಗಿದ್ದಳು. ತಿಂಗಳಿಗೆ ಎರಡು ದಿನ ಅವಳದ್ದು ಇದೇ ಕಥೆ.

"ಮಂಜೀನ ಕರೀಲಾ ಅಜ್ಜಿ?" ಅಂದಳು ರತ್ನಮ್ಮ.

"ಬ್ಯಾಡ, ಮನಗವಳೆ. ನಾನೇ ಹೇಳ್ತೀನಿ."

ಹೇಳಿದೆ. ಅವಳದ್ದೂ ಅದೇ ನೋವು, ಬರಕೊಳ್ಳಮ್ಮ.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ನರ್ಸಮ್ಮ ಒಂದು ರಟ್ಟಿನ ಡಬ್ಬ ಹೊತ್ತುಕೊಂಡು ಬಂದಳು. ಅದರ ತುಂಬ ಮಂಡಿಗೆ ಹಾಕುವ ನೀ ಕ್ಯಾಪು, ಹಚ್ಚುವ ಮುಲಾಮು. ಹಿಂದೆಯೇ ಒಬ್ಬ ಬಂದು ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬತೊಡಗಿದ.

"ಏನ್ರಮ್ಮಾ ಇದು, ಊರಿಗೂರೇ ಮಂಡಿ ನೋವಂತೆ!" ಅಂದಳು ನರ್ಸಮ್ಮ. "ಹತ್ತೊಂಬತ್ತು ವರ್ಷದ್ ಹುಡ್ಗೀಗೂ ಮಂಡಿ ನೋವು ಅಂದ್ರೆ ನೀರಲ್ಲೇ ಏನೋ ಐತೆ ಅಂತ ಡಾಕ್ಟ್ರು ಸ್ಯಾಂಪಲ್ ತರಕ್ ಹೇಳವ್ರೆ."

ಆಮೇಲೆ ಲಿಸ್ಟು ಓದಿದಳು. "ರತ್ನಮ್ಮ, ಮೂಟ್ಟು ವಲಿ. ಗೌರಮ್ಮ, ಮೂಟ್ಟು ವಲಿ..."

ಆಗ ನನಗೆ ಹೊಳೆಯಿತು. ತಮಿಳಿನಲ್ಲಿ ಮೂಟ್ಟು ಅಂದರೆ ಕೀಲು, ವಲಿ ಅಂದರೆ ನೋವು. ನಾನು ಕೂಗಿದ ಮುಟ್ಟಿಗೆ ಆ ಹುಡುಗಿ ಒಂದು ದೀರ್ಘ ಎಳೆದು ಮೊಣಕಾಲಿಗೆ ಇಳಿಸಿಬಿಟ್ಟಿದ್ದಳು.

ಬೇಡ ಅಂದರೇ ನಮ್ಮ ಹೆಂಗಸರು? ಫ್ರೀ ಅಂದ ಮೇಲೆ ಯಾವ ಅಂಗವಾದರೇನು? ರತ್ನಮ್ಮ ತನ್ನದನ್ನು ಗಂಡನ ಕಾಲಿಗೆ ಏರಿಸಿದಳು. "ಅವ್ರಿಗೆ ನಿಜ್ವಾಗ್ಲೂ ನೋಯ್ತದೆ, ಇರ್ಲಿ ಬಿಡಜ್ಜಿ."

ನಕ್ಕು ನಕ್ಕು ನನಗೆ ಪಕ್ಕೆ ಹಿಡಿಯಿತು. ಸಂಜೆ ಶಿಫ್ಟು ಮುಗಿಸಿ ಬಂದ ಮಂಜುಳೆಗೆ ಅವಳ ನೀ ಕ್ಯಾಪು ಕೊಟ್ಟು ಕಥೆಯನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ಬಸ್ಸಿನ ಭಾಗಕ್ಕೂ ನಗಲಿಲ್ಲ.

"ಅಜ್ಜಿ, ಮುಟ್ಟು ನೋವು ಜೋರಾಗಿದ್ದು ಮಕ್ಕಳಾಗ್ದೇ ಇರೋರ್ನ ಆರಿಸ್ಕೊಂಡು ಹೊಸೂರಲ್ಲಿ ಸ್ಕ್ಯಾನ್ ಮಾಡ್ತಾವ್ರೆ. ಆ ರಿಸರ್ಚೇ ಅದು. ಲೈನಲ್ಲಿ ನನ್ ಪಕ್ಕ ನಿಲ್ಲೋಳಿಗೆ ಫೋನ್ ಬಂತು. ನಂಗ್ಯಾಕೆ ಬರ್ಲಿಲ್ಲ ಅಂತ ಎಂಟ್ ದಿನದಿಂದ ಕಾಯ್ತಾ ಕೂತಿದೀನಿ." ನೀ ಕ್ಯಾಪನ್ನು ಎತ್ತಿ ನೋಡಿದಳು. "ಇದ್ಕೇ ಬರ್ಲಿಲ್ಲ. ಶನಿವಾರಕ್ಕೆ ಹೆಸರು ತಗಳಾದು ಮುಗೀತದೆ."

ನನ್ನ ನಗು ನಿಂತಿತು. (ಕ್ಷಮೆ ಕೇಳಿದೆಯಾ ಅಂತ ಕೇಳಬೇಡಿ. ನನಗೆ ಆ ಅಭ್ಯಾಸವಿಲ್ಲ.)

"ನಾಳೆ ರಜ ಹಾಕು" ಅಂದೆ.

"ಇರೋ ರಜ ಎಲ್ಲಾ ನೋವಿಗೇ ಮುಗುದೋಯ್ತಲ್ಲಜ್ಜಿ. ಆ ಸೂಪರ್‌ವೈಸರು ಮಕ ತಿರುಗಿಸ್ತಾನೆ."

"ಮಂಡಿ ನೋವು ಅನ್ನು."

ಅಂದಳು. ಫೋನಿನಲ್ಲೇ ರಜ ಕೊಟ್ಟನಂತೆ. ಜೋಪಾನ, ಮೆಟ್ಟಿಲು ಹತ್ತಬೇಡ ಅಂತ ಬುದ್ಧಿಯನ್ನೂ ಹೇಳಿದನಂತೆ.

ಮಾರನೆಯ ದಿನ ಇಬ್ಬರೂ ಹೊಸೂರಿಗೆ ಹೋದೆವು. (ಅವತ್ತು ಬಸ್ಸು ಸರಿಯಾಗಿ ಬಂತು. ರತ್ನಮ್ಮನಿಗೆ ಹೇಳಿಲ್ಲ.) ಸ್ಕ್ಯಾನ್ ಮಾಡುವ ಆಸ್ಪತ್ರೆಯಲ್ಲೇ ಸೆಲ್ವಿ ಕೂತಿದ್ದಳು. ನಾನು ಹೊಟ್ಟೆ ತೋರಿಸಿ, ಮಂಡಿ ತೋರಿಸಿ, ಇದಲ್ಲ ಅದು, ಅದಲ್ಲ ಇದು ಅಂತ ಬಿಡಿಸಿ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಪ್ಪೊ ಮಳೈ?" ಅಂದಳು, ಹಾಗಾದರೆ ಆ ಮಳೆ ಏನು ಅಂತ.

"ಅದು ಬಸ್ಸು" ಅಂದೆ.

ಹುಡುಗಿ ಎದ್ದು ಒಳಗೆ ಓಡಿ ಡಾಕ್ಟರಮ್ಮನನ್ನು ಕರೆತಂದಳು. ಡಾಕ್ಟರಮ್ಮ ಮಂಜುಳೆಯನ್ನು ಕೂರಿಸಿಕೊಂಡು, ಎಷ್ಟು ವರ್ಷದಿಂದ ನೋವು ಅಂತ ತಮಿಳಿನಲ್ಲಿ ಕೇಳಿದರು. ನಾನು ಶುರು ಮಾಡಿದೆ. ಅವರು ನನ್ನ ಕಡೆ ತಿರುಗಿದರು. "ಪಾಟಿ, ವಲಿ ಉಂಗಳುಕ್ಕಾ, ಅವಳುಕ್ಕಾ?"

ನೋವು ನಿಮಗೋ, ಅವಳಿಗೋ? ಇಷ್ಟು ತಮಿಳು ನನಗೆ ಬರುತ್ತದೆ. ಬಾಯಿ ಮುಚ್ಚಿದೆ.

ಮಂಜುಳ ಮಾತಾಡಿದಳು. ತಮಿಳಿನಲ್ಲಿ! ನೀರು ಹರಿದ ಹಾಗೆ. ನನ್ನದು ಅದರ ಮುಂದೆ ಬಾಡಿದ ಹೂ.

"ನಿಂಗಿಷ್ಟು ತಮಿಳ್ ಬತ್ತದೇನೆ?" ಅಂದೆ ತಡೆಯಲಾರದೆ.

"ಆರು ವರ್ಷದಿಂದ ಲೈನಲ್ಲಿ ಸನ್ನೆ ಮಾಡ್ಕೊಂಡಿದ್ನಾ ಅಜ್ಜಿ?"

ಅವಳು ಹೇಳಿದ್ದರಲ್ಲಿ ಅರ್ಧ ನನಗೆ ಗೊತ್ತಿರಲಿಲ್ಲ. ಮೊದಲ ಮುಟ್ಟಿನಿಂದಲೂ ನೋವಂತೆ. ಗಂಡನ ಜೊತೆ ಇರುವಾಗಲೂ ನೋವಂತೆ. ಒಂದು ಸಲ ಮಿಷನ್ ಪಕ್ಕದಲ್ಲೇ ಬವಳಿ ಬಂದು ಬಿದ್ದಿದ್ದಳಂತೆ. ಮನೆಗೆ ಬಂದು ಬಿಸಿಲಿಗೆ ಹಾಗಾಯಿತು ಅಂದಿದ್ದಳು. ಐದು ವರ್ಷ ಒಂದೇ ಸೂರಿನಲ್ಲಿದ್ದೇವೆ. ನಾನು ಅವಳನ್ನು ಕೇಳಿದ್ದು ಒಂದೇ ಮಾತು, "ಏನಾರಾ ವಿಶೇಷ ಐತಾ?"

ನೋವು ಅಂದಾಗಲೆಲ್ಲ ನನ್ನದೂ ಒಂದೇ ಸಮಾಧಾನ. "ಒಂದ್ ಹೆತ್ರೆ ತಾನೇ ಓಯ್ತದೆ ಬಿಡಮ್ಮಿ." ನನ್ನವ್ವ ನನಗೆ ಹೇಳಿದ್ದನ್ನೇ ಇವಳಿಗೆ ದಾಟಿಸಿದ್ದೆ. ಮಂಜುಳ ಅದನ್ನೂ ಹೇಳಿದಳು. ಡಾಕ್ಟರಮ್ಮ ಕೇಳಿ ನಗಲೂ ಇಲ್ಲ, ಬೈಯಲೂ ಇಲ್ಲ. ಎಲ್ಲ ನೋವೂ ಹೀಗಲ್ಲ, ಆದರೆ ಇಷ್ಟು ನೋವಿದ್ದರೆ ಒಳಗೇನೋ ಇರಬಹುದು, ಮಗು ನಿಲ್ಲದಿರುವುದಕ್ಕೂ ಅದೇ ಕಾರಣ ಇರಬಹುದು, ನೋಡೋಣ ಅಂದರು.

ಅಂದರೆ ನಾನು ಐದು ವರ್ಷದಿಂದ, ಬೀಗ ಹಾಕಿದ ಮನೆಯ ಮುಂದೆ ನಿಂತವಳಿಗೆ, ಬೀಗದ ಕೈ ಒಳಗೈತೆ, ಹೋಗಿ ತಗಳಮ್ಮಿ ಅನ್ನುತ್ತಿದ್ದೆ.

ಶನಿವಾರದ ಒಳಗೆ ಹೆಸರು ಸೇರಿತು. ಸ್ಕ್ಯಾನೂ ಆಯಿತು. ಅವಳ ನೋವಿಗೆ ಇಂಗ್ಲಿಷಿನಲ್ಲಿ ಒಂದು ಉದ್ದ ಹೆಸರಿದೆಯಂತೆ. ನನಗೆ ಬಾಯಿ ತಿರುಗುವುದಿಲ್ಲ, ಮಂಜುಳೆಗೆ ಬಾಯಿಪಾಠ. ಮಾತ್ರೆ ಕೊಟ್ಟಿದ್ದಾರೆ. ಮಗು ಆಗುತ್ತದೆ ಅಂತ ಡಾಕ್ಟರಮ್ಮ ಮಾತು ಕೊಟ್ಟಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಗಂಡನಿಗೂ ಟೆಸ್ಟು ಮಾಡಬೇಕು, ಕರೆದುಕೊಂಡು ಬನ್ನಿ ಅಂದಿದ್ದರು. ನಾಗೇಶ ಎಗರಿದ. "ನಂಗೇನಾಗೈತಜ್ಜಿ? ಗುಂಡ್ಕಲ್ಲಂಗಿದೀನಿ!"

"ಗುಂಡ್ಕಲ್ಲು ಮೊಳೀತದೇನ್ಲಾ?" ಅಂದೆ. ಸೋಮವಾರ ಹೋಗಿ ಬಂದ.

ಇದನ್ನೆಲ್ಲ ಬರೆಯಬಹುದಾ ಅಂತ ಮಂಜುಳೆಯನ್ನೇ ಕೇಳಿದೆ. (ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಕಾಗುಣಿತ ತಿದ್ದುವವಳೂ ಅವಳೇ.) "ಹೆಸರು ಹಾಕ್ಲಾ, ಬಿಡ್ಲಾ?"

"ಹಾಕಜ್ಜಿ. ಮುಟ್ಟಿಗೆ ಮಾತ್ರ ದೀರ್ಘ ಹಾಕ್ಬ್ಯಾಡ."

ಬೋರ್‌ವೆಲ್ ನೀರಿನ ರಿಪೋರ್ಟು ಮೊನ್ನೆ ಬಂತು. ನೀರು ಚೆನ್ನಾಗಿದೆಯಂತೆ. ನೋಡಿ, ಮಂಡಿ ನೋವು ಅಂದದ್ದಕ್ಕೆ ಮನೆ ಬಾಗಿಲಿಗೆ ಮುಲಾಮು ಬಂತು, ನೀ ಕ್ಯಾಪು ಬಂತು, ಫೋನಿನಲ್ಲೇ ರಜ ಸಿಕ್ಕಿತು, ಊರಿನ ನೀರನ್ನೂ ಪರೀಕ್ಷೆ ಮಾಡಿದರು. ಮುಟ್ಟು ನೋವು ಅಂತ ಐದು ವರ್ಷ ಹೇಳಿದ ಹುಡುಗಿಗೆ ನಾನು ಕೊಟ್ಟದ್ದೇನು?

ಜೀರಿಗೆ ಕಷಾಯ.