ಆಯಮ್ಮ ಕಟ್ಟಿದ ಹಗ್ಗ

ಆಯಮ್ಮನ ಹಿಮ್ಮಡಿಗಳು ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿದ್ದವು. ಕೆಂಗೇರಿ ಬಳಿಯ ನಮ್ಮ ವೃದ್ಧಾಶ್ರಮದಲ್ಲಿ ಆಯಾ ಆಗಿದ್ದ ಅವರು ಬೆಳಗಾದರೆ ಬರಿಗಾಲು ಎಳೆಯುತ್ತ ಮಂಚಗಳ ಸಾಲಿನಿಂದ ಬಚ್ಚಲವರೆಗೆ ನಡೆಯುತ್ತಿದ್ದರು. ಅಂಗಾಲು ಜಾರಿದ ಕಡೆ ಕೂತು, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು.

"ನೆಲ ನೋಡಿದ್ರೆ ತಿಳಿಯಲ್ಲ ಸ್ವಾಮಿ, ತುಳಿದ್ರೆ ತಿಳೀತದೆ" ಎನ್ನುತ್ತಿದ್ದರು.

ಅದು ಐವತ್ತರ ದಶಕ. ಈಗಿನ ವಿಜಯನಗರದ ಕಡೆಯೆಲ್ಲ ಆಗ ರಾಗಿಹೊಲ. ನನಗೆ ಇಪ್ಪತ್ತಾರು ವರ್ಷ, ಆಶ್ರಮದ ಮ್ಯಾನೇಜರ್ ಎಂಬ ಬಿಗುಮಾನ ಬೇರೆ. ಆಯಮ್ಮ ಮಲ್ಲತ್ತಹಳ್ಳಿಯ ವಿಧವೆ, ಅಕ್ಷರ ಬಾರದವರು. ಕೂತಾಗ ಯಾರ ಕಾಲು ನೆಲಕ್ಕೆ ಎಟುಕುವುದಿಲ್ಲವೆಂದು ನೋಡಿ, ಬಡಗಿಯಿಂದ ಅವರ ಮಂಚದ ಕಾಲನ್ನೇ ಕುಯ್ಯಿಸಿದ್ದರು. "ಎದ್ದೇಟ್ಗೆ ನಿಲ್ಬ್ಯಾಡಿ, ಎಲೆಗೆ ಸುಣ್ಣ ಸವರೋವಷ್ಟು ಹೊತ್ತು ಕುಂತಿರಿ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಗೋಡೆಯುದ್ದಕ್ಕೂ ಬಚ್ಚಲವರೆಗೆ ಹಗ್ಗ ಬಿಗಿದಿದ್ದರು. ಕಣ್ಣು ಮಂಜಾಗಿದ್ದ ಒಬ್ಬ ಮುದಿ ದರ್ಜಿ ಅದನ್ನು ಹಿಡಿದು ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದರು.

ಒಮ್ಮೆ ಆಶ್ರಮ ನಡೆಸುವ ಕಮಿಟಿಯವರು ನೋಡಲು ಬರುವವರಿದ್ದರು. ಹಿಂದಿನ ದಿನ ನಾನು ಹಗ್ಗ ತೋರಿಸಿ, "ಇದೇನು ದನದ ಕೊಟ್ಟಿಗೇನಾ? ಬಿಚ್ಚಿ" ಎಂದೆ.

"ಇರ್ಲಿ ಬುಡಿ ಸ್ವಾಮಿ. ಅವ್ರ ಕೈಗೆ ರೂಢಿ ಆಗೈತೆ."

"ಒಂದು ದಿನ ಆಯಮ್ಮ, ಅಷ್ಟೇ."

ಅವರು ಅಲುಗಲಿಲ್ಲ. ನಾನೇ ಬಿಚ್ಚಿದೆ. ಗಾರೆನೆಲವನ್ನು ಎಣ್ಣೆ ಅದ್ದಿದ ಬಟ್ಟೆಯಿಂದ ಮುಖ ಕಾಣುವಂತೆ ಉಜ್ಜಿಸಿದೆ. ಮಾರನೆಯ ದಿನ ಆಯಮ್ಮ ಬೇಡವೆಂದರೂ ಕೇಳದೆ, ಕಮಿಟಿಯವರ ಉಪ್ಪಿಟ್ಟಿಗೆಂದು ಅವರನ್ನು ಅಡುಗೆಮನೆಗೆ ಕಳಿಸಿದೆ. ಬಂದವರಿಗೆ ಬಾಗಿಲಲ್ಲಿ ಹಾರ ಹಾಕುತ್ತಿದ್ದಾಗ ಒಳಗಿನಿಂದ ದೊಪ್ಪೆಂಬ ಸದ್ದು ಬಂತು. ದರ್ಜಿ ಎದ್ದು ಗೋಡೆಯ ಮೇಲೆ ಹಗ್ಗಕ್ಕಾಗಿ ತಡಕಾಡುತ್ತಲೇ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು.

"ಆಯಾ ಎಲ್ಲಿ ಹಾಳಾಗಿ ಹೋಗಿದ್ಲು?" ಎಂದರು ಕಮಿಟಿಯ ಅಧ್ಯಕ್ಷರು.

ಆಯಮ್ಮ ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಅಂದೇ ಸಂಜೆ ಅವರನ್ನು ಕೆಲಸದಿಂದ ತೆಗೆದರು. ದರ್ಜಿ ಮತ್ತೆ ಏಳಲೇ ಇಲ್ಲ. ಎರಡು ತಿಂಗಳಿಗೆ ತೀರಿಕೊಂಡರು.

ಅದಾದ ಮೇಲೆ ಮಲ್ಲತ್ತಹಳ್ಳಿಗೆ ಹೋದೆ. ಆಯಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು.

"ಕಮಿಟಿಗೆ ನಿಜ ಹೇಳ್ತೀನಿ. ವಾಪಸ್ ಬನ್ನಿ" ಎಂದೆ.

"ನನ್ ಮಾತು ಹಂಗಿರ್ಲಿ ಸ್ವಾಮಿ. ನಿಮ್ಮಿಂದ ಆಗಿದ್ದು ಅಂತ ಆ ದರ್ಜಿ ಅಯ್ಯನಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಎರಡು ತಿಂಗಳು ದಿನವೂ ಅವರ ಮಂಚದ ಪಕ್ಕದಲ್ಲೇ ಹಾದುಹೋಗಿದ್ದೆ. ಪಾಪ, ಅವರು ಹಗ್ಗ ಅಲ್ಲೇ ಇತ್ತು, ತಮ್ಮ ಕೈಯೇ ತಪ್ಪಿತೆಂದು ತಿಳಿದಿದ್ದರು.

"ಇಲ್ಲ. ಅವರು ಹೋಗ್ಬಿಟ್ರು" ಎಂದೆ.

ಆಯಮ್ಮ ಮೊರ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ವಾಪಸ್ ಮಾತ್ರ ಬರಲಿಲ್ಲ.

ಆ ವಾರವೇ ಅಧ್ಯಕ್ಷರಿಗೆ ಎಲ್ಲ ಒಪ್ಪಿಸಿದೆ. "ಹೋಗ್ಲಿ ಬಿಡಿ, ಇನ್ಮೇಲೆ ನೋಡ್ಕೊಳ್ಳಿ" ಎಂದರು. ಯಾವ ತಪ್ಪಿಗೆ ಆಯಮ್ಮನನ್ನು ಹೊರಗೆ ಹಾಕಿದ್ದರೋ ಅದನ್ನು ನನಗೆ ಒಂದೇ ಮಾತಿನಲ್ಲಿ ಮನ್ನಿಸಿದ್ದರು.

ಮರುವರ್ಷ ಆಯಮ್ಮ ಜ್ವರದಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನನ್ನನ್ನು ಬೈಯಬೇಕಾಗಿದ್ದವರು ಇಬ್ಬರು. ಇಬ್ಬರೂ ಬೈಯದೆಯೇ ಹೋಗಿಬಿಟ್ಟರು.