ಅಕ್ಕನ ಪಾಸ್‌ಪೋರ್ಟಿಗೆ ದೊಡ್ಡಪ್ಪನ ಹೇಳಿಕೆ

'ಸದರಿ ಅರ್ಜಿದಾರಳು ಎಲ್ಲಿಯೂ ಉದ್ಯೋಗದಲ್ಲಿ ಇರುವುದಿಲ್ಲ. ಮನೆವಾರ್ತೆ ನೋಡಿಕೊಂಡಿರುತ್ತಾಳೆ. ವಿದೇಶಕ್ಕೆ ಹೋಗುವ ಇರಾದೆ ಇರುವುದಿಲ್ಲವೆಂದು ಮನೆಯ ಹಿರಿಯರು ತಿಳಿಸಿರುತ್ತಾರೆ.'

ಎಂಬತ್ತರ ದಶಕದ ಆರಂಭದಲ್ಲಿ ಅಕ್ಕನ ಪಾಸ್‌ಪೋರ್ಟ್ ಅರ್ಜಿಯ ಮೇಲೆ ಪೊಲೀಸರು ಬರೆದ ವರದಿ ಇದು. ನಾನಾಗ ಕಡೂರಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಠಾಣೆಯ ರೈಟರ್ ಪರಿಚಯದವರಾದ್ದರಿಂದ ಓದಲು ಸಿಕ್ಕಿತು. ಮೂರು ವಾಕ್ಯ, ಮೂರೂ ಸುಳ್ಳು.

ಅಕ್ಕ ಬೊಂಬಾಯಿಯಲ್ಲಿ ಕಣ ಭೌತಶಾಸ್ತ್ರಜ್ಞೆ. ಪರಮಾಣುವಿಗಿಂತ ಸಣ್ಣ ಕಣಗಳು ಹಾದುಹೋದ ದಾರಿಯನ್ನು ಗುರುತಿಸುವ ಉಪಕರಣವೊಂದನ್ನು ಮೂರು ವರ್ಷ ಕೂತು ಕಟ್ಟಿದ್ದಳು. ಕೂದಲಿಗಿಂತ ತೆಳುವಾದ ತಂತಿಗಳನ್ನು ಒಂದೊಂದಾಗಿ ಎಳೆದು ತಾನೇ ಬೆಸುಗೆ ಹಾಕಿದ್ದಳು. ಆ ಕಣಗಳನ್ನು ಓಡಿಸುವ ಯುರೋಪಿನ ವೇಗವರ್ಧಕ ಯಂತ್ರದಲ್ಲಿ ಅದರ ಪ್ರಯೋಗಕ್ಕೆ ಆರು ವಾರದ ಸರದಿ ಸಿಕ್ಕಿತ್ತು. ತಪ್ಪಿದರೆ ಇನ್ನೊಂದು ಸರದಿ ಇರಲಿಲ್ಲ.

ಅರ್ಜಿಯಲ್ಲಿ ಕಾಯಂ ವಿಳಾಸವೆಂದು ಅಜ್ಜಂಪುರದ ಮನೆಯದಿತ್ತು. ಅಪ್ಪ ಇಲ್ಲದ ನಮಗೆ ಅಲ್ಲಿ ದೊಡ್ಡಪ್ಪನೇ ಹಿರಿಯರು. ವಿಚಾರಣೆಗೆ ಪೇದೆ ಮಫ್ತಿಯಲ್ಲಿ ಹೋಗಿದ್ದ. ಗುರುತಿಲ್ಲದವನೊಬ್ಬ ಜಗಲಿಯಲ್ಲಿ ಕೂತು ಹೆಣ್ಣುಮಗಳ ವಯಸ್ಸು, ಓದು, ನಡತೆ ಕೇಳಿದರೆ ನಮ್ಮ ಕಡೆ ಅವನು ಗಂಡಿನ ಕಡೆಯವನು. ಸಂಬಂಧಕ್ಕೆ ಮುಂಚೆ ಹಾಗೆ ಒಬ್ಬನನ್ನು ಕಳಿಸಿ ತಿಳಿದುಕೊಳ್ಳುವುದು ವಾಡಿಕೆ. ಮೂವತ್ತು ದಾಟಿದವಳು, ದೂರದಲ್ಲಿ ದುಡಿಯುವವಳು ಎಂದರೆ ಬಂದವರು ಹಾಗೇ ಎದ್ದು ಹೋಗುತ್ತಾರೆಂದು ದೊಡ್ಡಪ್ಪನಿಗೆ ಗೊತ್ತಿತ್ತು.

ನಾನು ಅಂದೇ ಬಸ್ಸು ಹತ್ತಿದೆ.

"ಯಾಕೆ ಹಂಗಂದ್ರಿ ದೊಡ್ಡಪ್ಪ?"

"ತರೀಕೆರೆ ಕಡೆ ಗಂಡಿರ್ಬೇಕು ಅಂತ ತಿಳ್ಕಂಡೆ ಕಣೋ. ಮನೇಲೇ ಅವ್ಳೆ, ಫಾರಿನ್ನು ಗೀರಿನ್ನಿಗೆಲ್ಲ ಹೋಗಲ್ಲ, ರೊಟ್ಟಿ ಚೆನ್ನಾಗಿ ತಟ್ತಾಳೆ ಅಂದೆ."

"ಅವನು ಪೊಲೀಸು!"

"ಟೋಪಿ ಇಲ್ಲ, ಲಾಠಿ ಇಲ್ಲ. ಎರಡು ಸಲ ಕಾಫಿ ಬೇರೆ ಕುಡ್ದ ನನ್ಮಗ. ನಾನೇನ್ ಕನಸು ಕಂಡಿದ್ನಾ?"

ಇಲ್ಲಿಯವರೆಗೂ ಅದು ತಪ್ಪು ತಿಳಿವಳಿಕೆ. ಮರುವಿಚಾರಣೆಗೆ ದಾರಿಯಿತ್ತು: ಹಿಂದೆ ಹೇಳಿದ್ದು ಸರಿಯಲ್ಲವೆಂದು ದೊಡ್ಡಪ್ಪ ಠಾಣೆಯಲ್ಲಿ ಬರೆದುಕೊಡಬೇಕಿತ್ತು. ಹಾಳೆ, ಪೆನ್ನು ಮುಂದಿಟ್ಟೆ.

"ಸುಳ್ಳು ಹೇಳ್ದೆ ಅಂತ ನನ್ ಕೈಯಲ್ಲೇ ಬರೆಸ್ತೀಯೇನ್ಲಾ? ನಾಳೆ ಮಠದಲ್ಲಿ ಯಾವ ಮುಖ ಇಟ್ಕಂಡು ಕೂರ್ಲಿ?"

"ಅವಳ ಮೂರು ವರ್ಷ ಹೋಗುತ್ತೆ."

"ಹೋಗ್ಲಿ ಬಿಡು. ಕಣ್ಣಿಗೆ ಕಾಣ್ದಿರೋದ್ನ ಹುಡುಕಕ್ಕೆ ಅಷ್ಟು ದೂರ ಹೋಗ್ಬೇಕೇನು?"

ಸಹಿ ಹಾಕಲಿಲ್ಲ. ನಾಲ್ಕು ಸಲ ಹೋದೆ, ನಾಲ್ಕು ಸಲವೂ ಹಾಕಲಿಲ್ಲ. ಅಕ್ಕನಿಗೆ ಪಾಸ್‌ಪೋರ್ಟ್ ಸಿಗಲಿಲ್ಲ. ಅಕ್ಕನ ಉಪಕರಣದ ಜೊತೆ ಅವಳಿಗಿಂತ ಕಿರಿಯ ಸಹೋದ್ಯೋಗಿಯೊಬ್ಬ ವಿಮಾನ ಹತ್ತಿದ. ಯಾವ ತಂತಿ ಸಡಿಲ, ಯಾವುದಕ್ಕೆ ಎಷ್ಟು ವಿದ್ಯುತ್ ಹರಿಸಬೇಕೆಂದು ಅಕ್ಕನೇ ಅವನಿಗೆ ವಾರವಿಡೀ ಹೇಳಿಕೊಟ್ಟಿದ್ದಳು. ಫಲಿತಾಂಶ ಪ್ರಕಟವಾದಾಗ ಅವನ ಹೆಸರು ಮೊದಲಿತ್ತು. ಅಕ್ಕನದು ಕೊನೆಯಲ್ಲಿ, ಕೃತಜ್ಞತೆ ಸಲ್ಲಿಸಿದವರ ಸಾಲಿನಲ್ಲಿ. ಆಮೇಲೆ ಅವಳಿಗೆ ಸಿಕ್ಕಿದ್ದು ಪಾಠ ಹೇಳುವ ಕೆಲಸ.

ದೊಡ್ಡಪ್ಪ ಬದುಕಿರುವವರೆಗೂ ನಾನು ಆ ಮನೆಯಲ್ಲಿ ನೀರು ಮುಟ್ಟಲಿಲ್ಲ. ಅಕ್ಕ ರಜೆಗೆ ಬಂದಾಗಲೆಲ್ಲ ಅಲ್ಲೇ ಉಂಡಳು, ಅವರ ಕಾಲಿಗೆ ಬಿದ್ದಳು. ಅವಳ ಮೇಲಿನ ಆ ಸಿಟ್ಟೂ ನನ್ನಲ್ಲಿ ಹಾಗೇ ಇದೆ.